ಎಡಗೈಯಲ್ಲಿ ಎತ್ತಿದ ಹಾಲಿನ ಕ್ಯಾನು: ಒಬ್ಬ ಮೈನರ್ ಲೀಗ್ ಪಿಚರ್‌ನ ಪ್ರಕರಣ

2018 ಮತ್ತು 2019ರ ಬೇಸಿಗೆಯಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇದ್ದ. ನಾವಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಹಾಗಾಗಿ ಅವನ ಊಟ, ನಿದ್ದೆ ಜೊತೆಗೆ ಅವನ ಲೆಕ್ಕಪತ್ರವನ್ನೂ ಹತ್ತಿರದಿಂದ ನೋಡಿದೆ. ಅವನ ಆಟ ಮೂರು ಸೀಸನ್‌ಗೆ ಮುಗಿಯಿತು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ತಂಡ, ಹುಟ್ಟೂರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವನು ಬರೀ 'ಹುಡುಗ'. ನಮ್ಮ ಕನ್ನಡ ಕೂಟದಲ್ಲಿ ಮಕ್ಕಳನ್ನು ಹತ್ತು ವರ್ಷಕ್ಕೇ ಟ್ರಾವೆಲ್ ಟೀಮ್‌ಗೆ ಸೇರಿಸಿ, ಪ್ರತಿ ಶನಿವಾರ ನೂರಾರು ಮೈಲಿ ಕಾರು ಓಡಿಸುವ ಅಪ್ಪ ಅಮ್ಮಂದಿರು ಜಾಸ್ತಿಯಾಗಿದ್ದಾರೆ. ಅವರ ಜೊತೆ ಮಾತಾಡುವಾಗಲೆಲ್ಲ ನನಗೆ ಈ ಹುಡುಗ ನೆನಪಾಗುತ್ತಾನೆ. ಆಟದಲ್ಲಿ ಮುಂದೆ ಬರೋದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಿಂತುಹೋದ ಆಟ ಎಲ್ಲಿ, ಯಾವ ತೀರ್ಮಾನದಿಂದ ನಿಂತಿತು ಅಂತ ಯಾರೂ ಕೂತು ಬರೆಯುವುದಿಲ್ಲ.

ಹಿನ್ನೆಲೆ

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಿಚರ್ ಅಂದರೆ ನಮ್ಮ ಬೌಲರ್. ಆದರೆ ಇಲ್ಲಿ ಚೆಂಡು ಪುಟಿಯುವುದಿಲ್ಲ, ಮೊಣಕೈ ನೇರ ಇರಬೇಕೆಂಬ ನಿಯಮವೂ ಇಲ್ಲ. ಬೌಂಡರಿಯಿಂದ ಫೀಲ್ಡರ್ ಕೀಪರ್‌ಗೆ ಬೀಸಿ ಎಸೆಯುತ್ತಾನಲ್ಲ, ಆ ಎಸೆತವನ್ನೇ 60 ಅಡಿ 6 ಇಂಚು ದೂರಕ್ಕೆ, ಇರುವ ಶಕ್ತಿಯನ್ನೆಲ್ಲ ಹಾಕಿ, ಮತ್ತೆ ಮತ್ತೆ ಎಸೆಯಬೇಕು. ಪ್ರತಿ ಸಲವೂ ಮೊಣಕೈಯ ಒಳಬದಿಯ ಒಂದು ಸಣ್ಣ ಲಿಗಮೆಂಟ್ ಜಗ್ಗುತ್ತದೆ. ಅದು ಹರಿದರೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ತಂದು ಕಟ್ಟುವ ಆಪರೇಷನ್ ಇದೆ. 1974ರಲ್ಲಿ ಮೊದಲು ಅದನ್ನು ಮಾಡಿಸಿಕೊಂಡ ಪಿಚರ್ ಟಾಮಿ ಜಾನ್ ಅವರ ಹೆಸರೇ ಅದಕ್ಕೆ ನಿಂತಿದೆ. ಚೇತರಿಸಿಕೊಳ್ಳಲು ವರ್ಷದ ಮೇಲೆ ಬೇಕು.

ಎಲ್ಲಕ್ಕಿಂತ ಮೇಲಿನದು ಮೇಜರ್ ಲೀಗ್. ಅದರ 30 ತಂಡಗಳಿಗೂ ಕೆಳಗೆ ಒಂದೊಂದು ಏಣಿ ಇದೆ, ಅದೇ ಮೈನರ್ ಲೀಗ್. 2018ರಲ್ಲಿ ಅದರ ಮೆಟ್ಟಿಲುಗಳು ಕೆಳಗಿನಿಂದ ಮೇಲಕ್ಕೆ ಹೀಗಿದ್ದವು: ರೂಕಿ, ಶಾರ್ಟ್ ಸೀಸನ್, ಕ್ಲಾಸ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಈ ಏಣಿ ಹತ್ತಿದವರಲ್ಲಿ ಹತ್ತಕ್ಕೆ ಒಬ್ಬ ಮೇಲೆ ತಲುಪುತ್ತಾನೆ ಅಂತ ಆಟದ ಜನ ಹೇಳುತ್ತಾರೆ. 2008ರಲ್ಲಿ ಒಂದು ಸ್ಪರ್ಧೆಯಲ್ಲಿ ಗೆದ್ದು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿಗ ಅಲ್ಲ) ನೆನಪಿರಬಹುದು. ಅವರು ಹತ್ತಿದ್ದು ಕ್ಲಾಸ್ ಎ ಮೆಟ್ಟಿಲಿನವರೆಗೆ. ನಮ್ಮ ಹುಡುಗನೂ ಅದೇ ಮೆಟ್ಟಿಲಿನವನು.

ಅವನು ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನವನು. ಅಪ್ಪ ಟ್ರಕ್ ಮೆಕ್ಯಾನಿಕ್, ಅಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ. ಕಾಲೇಜಿನಲ್ಲಿ ಅರ್ಧ ಸ್ಕಾಲರ್‌ಶಿಪ್ ಸಿಕ್ಕಿತ್ತು. ಓದುತ್ತಿದ್ದದ್ದು ಕಟ್ಟಡ ನಿರ್ಮಾಣದ ಡಿಗ್ರಿ. ಬಲಗೈ ಪಿಚರ್, ರಿಲೀವರ್. ಅಂದರೆ ಆಟದ ಕೊನೆಯಲ್ಲಿ ಬಂದು ಒಂದೆರಡು ಇನಿಂಗ್ಸ್ ಎಸೆಯುವವನು. ವೇಗ ಗಂಟೆಗೆ 90, 91 ಮೈಲಿ, ಸುಮಾರು 146 ಕಿಲೋಮೀಟರ್. ಆಗ ಮೇಜರ್ ಲೀಗ್‌ನ ಸರಾಸರಿ ಫಾಸ್ಟ್‌ಬಾಲೇ 93ರ ಆಸುಪಾಸು. ಇವನ ಬಲ ಇದ್ದದ್ದು ಕಡೇ ಗಳಿಗೆಯಲ್ಲಿ ಕೆಳಕ್ಕೆ ಇಳಿಯುವ ಚೆಂಡಿನಲ್ಲಿ.

ಮೊದಲ ತೀರ್ಮಾನ ಬಂದದ್ದು 2016ರಲ್ಲಿ, ಕಾಲೇಜಿನ ಮೂರನೇ ವರ್ಷ ಮುಗಿದಾಗ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಆಗ 40 ಸುತ್ತು. ಒಂದು ತಂಡ ಅವನನ್ನು ತಡವಾಗಿ ಆರಿಸಿ, 60,000 ಡಾಲರ್ ಬೋನಸ್ ಕೊಡುತ್ತೇವೆ ಅಂದಿತು. ಹತ್ತನೇ ಸುತ್ತಿನ ನಂತರ ಆಯ್ಕೆಯಾದವರಿಗೆ ಒಂದು ಲಕ್ಷ ಡಾಲರ್‌ವರೆಗೆ ಕೊಟ್ಟರೂ ಅದು ತಂಡದ ಬೋನಸ್ ಮಿತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇದು ಮನೆಯವರಿಗೆ ಗೊತ್ತಿತ್ತು. ಅವರು ಒಂದು ಲಕ್ಷವೇ ಬೇಕು ಅಂದರು. ತಂಡ ಒಪ್ಪಲಿಲ್ಲ. ಹುಡುಗ ಕಾಲೇಜಿಗೆ ವಾಪಸ್ ಹೋದ, ಡಿಗ್ರಿ ಮುಗಿಸಿದ.

2017ರಲ್ಲಿ ಇನ್ನೊಂದು ತಂಡ ಅವನನ್ನು ಇಪ್ಪತ್ತರ ಆಚೆಯ ಸುತ್ತಿನಲ್ಲಿ ಆರಿಸಿತು. ಈ ಸಲದ ಬೋನಸ್ 5,000 ಡಾಲರ್. ಯಾಕೆ ಇಷ್ಟು ಕಡಿಮೆ? ಮೂರನೇ ವರ್ಷದ ಹುಡುಗ 'ನೀವು ಕೊಡದಿದ್ದರೆ ಕಾಲೇಜಿಗೆ ಹೋಗ್ತೀನಿ' ಅನ್ನಬಹುದು. ನಾಲ್ಕು ವರ್ಷ ಮುಗಿಸಿದವನಿಗೆ ಹೋಗಲು ಕಾಲೇಜೇ ಇಲ್ಲ. ತಂಡದವರಿಗೂ ಇದು ಗೊತ್ತು. ತೆರಿಗೆ ಕಳೆದು ಅವನ ಕೈಗೆ ಬಂದದ್ದು 3,500 ಚಿಲ್ಲರೆ.

ಈ ತೀರ್ಮಾನ ತಪ್ಪಾಗಿತ್ತಾ? ತುಂಬಾ ಸಲ ಯೋಚಿಸಿದ್ದೇನೆ. ದುಡ್ಡಿನ ಲೆಕ್ಕದಲ್ಲಿ 55,000 ಹೋಯಿತು. ಆದರೆ ಇವತ್ತು ಅವನು ಊಟ ಮಾಡುತ್ತಿರುವುದು ಆ ಡಿಗ್ರಿಯಿಂದ. ನಷ್ಟವಾದದ್ದು ಇನ್ನೊಂದು ಕಡೆ, ಅದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಒಬ್ಬ ಆಟಗಾರನ ಮೇಲೆ ತಂಡ ಎಷ್ಟು ದುಡ್ಡು ಹಾಕಿದೆಯೋ ಅಷ್ಟೇ ದಿನ ಅವನಿಗಾಗಿ ಕಾಯುತ್ತದೆ. ಐದು ಸಾವಿರ ಹಾಕಿದ ಹುಡುಗ ಹೋದರೆ ಮುಂದಿನ ಡ್ರಾಫ್ಟ್‌ನಲ್ಲಿ ಇನ್ನೊಬ್ಬ ಸಿಗುತ್ತಾನೆ.

ವಾರಕ್ಕೆ 290 ಡಾಲರ್

2017ರ ಬೇಸಿಗೆ ಶಾರ್ಟ್ ಸೀಸನ್‌ನಲ್ಲಿ ಚೆನ್ನಾಗಿಯೇ ಕಳೆಯಿತು. 2018ರ ಏಪ್ರಿಲ್‌ನಲ್ಲಿ ಅವನು ಕ್ಲಾಸ್ ಎ ಮಟ್ಟದ ಮಿಡ್‌ವೆಸ್ಟ್ ಲೀಗ್‌ಗೆ ಬಂದ. ಅಯೋವಾದಲ್ಲಿ ಆಗ ಈ ಲೀಗ್‌ನ ನಾಲ್ಕು ತಂಡಗಳಿದ್ದವು. ಅದರಲ್ಲಿ ಒಂದು ನಮ್ಮ ಊರಿನದು. ಆಟಗಾರರಿಗೆ ಬಾಡಿಗೆ ಕಟ್ಟಲು ಆಗುವುದಿಲ್ಲ, ಯಾರಾದರೂ ರೂಮ್ ಕೊಡುತ್ತೀರಾ ಅಂತ ತಂಡದವರು ಕೇಳಿದ್ದರು. ಮಗಳು ಕಾಲೇಜಿಗೆ ಹೋಗಿ ಮನೆ ಖಾಲಿ ಖಾಲಿ ಅನ್ನಿಸುತ್ತಿತ್ತು. ಒಪ್ಪಿಕೊಂಡೆವು. ಎರಡು ಬ್ಯಾಗ್, ಒಂದು ದಿಂಬು ಹಿಡಿದುಕೊಂಡು ಬಂದ. ಮೊದಲ ದಿನವೇ ನನ್ನನ್ನು 'ಮ್ಯಾಮ್' ಅಂದ. ಎಷ್ಟು ಹೇಳಿದರೂ ಹೆಸರು ಹಿಡಿದು ಕರೆಯಲಿಲ್ಲ.

ಅವನ ಸಂಬಳ ವಾರಕ್ಕೆ 290 ಡಾಲರ್. ಆ ಅಂಕಿ ಎಲ್ಲಿಂದ ಬಂತು ಅಂತ ನನ್ನಂಥವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಗಂಟೆಗೆ 7.25 ಡಾಲರ್ ಕನಿಷ್ಠ ಕೂಲಿ, ವಾರಕ್ಕೆ 40 ಗಂಟೆ. ಗುಣಿಸಿ ನೋಡಿ. 2018ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ದೊಡ್ಡ ಖರ್ಚಿನ ಮಸೂದೆಯೊಂದರ ಒಳಗೆ ಸೇರಿಸಿ ಒಂದು ಕಾನೂನು ಮಾಡಿತು. ಮೈನರ್ ಲೀಗ್ ಆಟಗಾರ ಎಷ್ಟೇ ಗಂಟೆ ದುಡಿದರೂ 40 ಗಂಟೆಯ ಕನಿಷ್ಠ ಕೂಲಿ ಕೊಟ್ಟರೆ ಸಾಕು, ಓವರ್‌ಟೈಮ್ ಇಲ್ಲ ಅಂತ. ಸೀಸನ್ ಇಲ್ಲದ ದಿನಗಳಿಗೆ, ವಸಂತದ ತರಬೇತಿ ಶಿಬಿರಕ್ಕೆ ಸಂಬಳವೇ ಇರಲಿಲ್ಲ.

ಹುಡುಗ ಮಧ್ಯಾಹ್ನ ಒಂದೂವರೆಗೆ ಮನೆ ಬಿಡುತ್ತಿದ್ದ. ಆಟ ಸಂಜೆ ಏಳಕ್ಕೆ. ಬರುವಾಗ ರಾತ್ರಿ ಹನ್ನೊಂದು. ವಾರಕ್ಕೆ ಆರು ದಿನ, ಎಷ್ಟೋ ಸಲ ಏಳೂ ದಿನ. ಐದು ತಿಂಗಳಲ್ಲಿ 140 ಆಟ. ಕೆಂಟಕಿಯ ಬೌಲಿಂಗ್ ಗ್ರೀನ್‌ಗೆ ಹೋಗಬೇಕಾದರೆ ಬಸ್ಸಿನಲ್ಲೇ ಎಂಟು ಗಂಟೆಗೂ ಹೆಚ್ಚು. ಹೊರ ಊರಿಗೆ ಹೋದಾಗ ಊಟಕ್ಕೆ ದಿನಕ್ಕೆ 25 ಡಾಲರ್. ಊರಿನಲ್ಲಿದ್ದರೆ ಅದೂ ಇಲ್ಲ. ಬಟ್ಟೆ ಒಗೆದು ತಿಂಡಿ ಇಡುವ ಕ್ಲಬ್‌ಹೌಸ್ ಕೆಲಸದವನಿಗೆ ಆಟಗಾರರೇ ಕೈಯಿಂದ ಕೊಡಬೇಕು. ಆ ವರ್ಷ ಅವನ ಸಂಬಳ 22 ವಾರಕ್ಕೆ 6,380 ಡಾಲರ್. ಒಬ್ಬನೇ ಇರುವ ಮನುಷ್ಯನಿಗೆ ಸರ್ಕಾರ ಹಾಕಿದ್ದ ಬಡತನದ ಗೆರೆ 12,140.

ಆಗ ನಮ್ಮತ್ತೆ ತುಮಕೂರಿನಿಂದ ಬಂದಿದ್ದರು. ರಾತ್ರಿ ಹನ್ನೊಂದೂವರೆಗೆ ಅವನು ಅಡುಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ತಿನ್ನುವುದನ್ನು ನೋಡಿದರು. "ಸಾವಿರಾರು ಜನ ಟಿಕೆಟ್ ತಗೊಂಡು ನೋಡ್ತಾರಂತೆ, ಹುಡುಗನಿಗೆ ಊಟಾನೂ ಹಾಕಲ್ವಾ?" ಅಂದರು. ಮಾರನೆಯ ದಿನದಿಂದ ಅವನಿಗೆ ಚಿತ್ರಾನ್ನವೋ ಚಪಾತಿ ಪಲ್ಯವೋ ಮುಚ್ಚಿಟ್ಟೇ ಮಲಗುತ್ತಿದ್ದರು. ಅವನು ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ.

ಆ ವರ್ಷ ನಡೆದ ಒಂದು ಘಟನೆ ಮುಂದಿನದಕ್ಕೆಲ್ಲ ಕಾರಣವಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅದೇ ಬುಲ್‌ಪೆನ್‌ನಲ್ಲಿ, ಅಂದರೆ ರಿಲೀವರ್‌ಗಳ ಗುಂಪಿನಲ್ಲಿ, 19 ವರ್ಷದ ಇನ್ನೊಬ್ಬ ಪಿಚರ್ ಇದ್ದ. ಆರು ಲಕ್ಷ ಡಾಲರ್ ಬೋನಸ್ ಪಡೆದವನು. ಮೇ ತಿಂಗಳಲ್ಲಿ ಅವನು ಮೊಣಕೈ ಬಿಗಿಯುತ್ತಿದೆ ಅಂದ. ಮಾರನೆಯ ದಿನವೇ ಎಂಆರ್‌ಐ ಆಯಿತು. ಎರಡು ವಾರ ವಿಶ್ರಾಂತಿ ಕೊಟ್ಟರು. ವಾಪಸ್ ಬಂದ ಮೇಲೂ ಎಸೆತ ಎಣಿಸಿ ಎಣಿಸಿ ಆಡಿಸಿದರು. ಜುಲೈನಲ್ಲಿ ಹೈ ಎ ಮಟ್ಟಕ್ಕೆ ಏರಿಸಿದರು. ಒಂಬತ್ತು ಇನಿಂಗ್ಸ್‌ಗೆ ಅವನು ಕೊಡುತ್ತಿದ್ದದ್ದು ಐದಕ್ಕಿಂತ ಜಾಸ್ತಿ ರನ್. ನಮ್ಮ ಹುಡುಗ ಎರಡೂವರೆ. ಆದರೂ ಇವನು ಅಲ್ಲೇ ಉಳಿದ.

ಹುಡುಗನಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಅವರಿಬ್ಬರೂ ಒಳ್ಳೆಯ ಸ್ನೇಹಿತರು. ಆದರೆ ಒಂದು ಪಾಠ ಅವನ ತಲೆಯಲ್ಲಿ ಕೂತುಬಿಟ್ಟಿತು. "ಅವನಿಗಾಗಿ ಕಾಯ್ತಾರೆ, ಮ್ಯಾಮ್. ನನಗಾಗಿ ಕಾಯಲ್ಲ."

ವೇಗದ ಬೆನ್ನು ಹತ್ತಿ

ಸೀಸನ್ ಕೊನೆಯಲ್ಲಿ ಏಣಿಯ ಎಲ್ಲ ಮೆಟ್ಟಿಲುಗಳ ಪಿಚರ್‌ಗಳನ್ನು ನೋಡಿಕೊಳ್ಳುವ ಪಿಚಿಂಗ್ ಕೋಆರ್ಡಿನೇಟರ್ ಅವನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು. ನಿನ್ನ ಅಂಕಿಗಳು ಚೆನ್ನಾಗಿವೆ, ಆದರೆ 91ರಲ್ಲಿ ಡಬಲ್ ಎ ಬ್ಯಾಟರ್‌ಗಳು ನಿನ್ನನ್ನು ಬಿಡಲ್ಲ, 94 ಬೇಕು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ 94 ಹೇಗೆ ತರಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಆ ಚಳಿಗಾಲ ಅವನು ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದ. ಹಗಲು ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ತೂಕದ ಚೆಂಡು ಎಸೆಯುವ ಅಭ್ಯಾಸ ಮಾಡಿದ. ಮಾಮೂಲಿ ಚೆಂಡು ಐದು ಔನ್ಸ್ ಚಿಲ್ಲರೆ. ಅದಕ್ಕಿಂತ ಭಾರದ್ದು, ಹಗುರದ್ದು ಎರಡನ್ನೂ ಎಸೆದರೆ ತೋಳಿನ ವೇಗ ಏರುತ್ತದೆ. ಏರುವುದು ನಿಜ. ಆದರೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ವಾರ ಇದನ್ನು ಮಾಡಿದ ಹೈಸ್ಕೂಲ್ ಪಿಚರ್‌ಗಳ ವೇಗ ಸುಮಾರು ಶೇ 3ರಷ್ಟು ಏರಿತ್ತು, ಅವರಲ್ಲಿ ಶೇ 24 ಮಂದಿಗೆ ಗಾಯವೂ ಆಗಿತ್ತು. ಚೆನ್ನಾಗಿ ನಿದ್ದೆ ಮಾಡಿ, ತಿಂದುಂಡು, ತಿಳಿದವರ ಕಣ್ಣೆದುರು ಮಾಡುವ ಅಭ್ಯಾಸ ಇದು. ಇವನು ರಾತ್ರಿಯಿಡೀ ಪೆಟ್ಟಿಗೆ ಎತ್ತಿ, ಬೆಳಿಗ್ಗೆ ನಾಲ್ಕು ಗಂಟೆ ಮಲಗಿ ಎದ್ದು ಮಾಡುತ್ತಿದ್ದ. ತರಬೇತಿಯ ದುಡ್ಡು ಕ್ರೆಡಿಟ್ ಕಾರ್ಡಿನದು.

2019ರ ಮಾರ್ಚ್‌ನಲ್ಲಿ ಅರಿಜೋನಾದ ಶಿಬಿರದಿಂದ ಒಂದು ಫೋಟೋ ಕಳಿಸಿದ. ರೇಡಾರ್ ಗನ್ನಿನ ಪರದೆಯ ಮೇಲೆ 95. ನಾವೆಲ್ಲ ಕುಣಿದಾಡಿದೆವು. ಆದರೂ ಏಪ್ರಿಲ್‌ನಲ್ಲಿ ಅವನು ಮತ್ತೆ ನಮ್ಮ ಊರಿಗೇ ಬಂದ. ಅದೇ ಮೆಟ್ಟಿಲು, ಎರಡನೇ ವರ್ಷ, 24 ವಯಸ್ಸು. ಅಲ್ಲಿದ್ದವರಲ್ಲಿ ತುಂಬಾ ಮಂದಿ ಅವನಿಗಿಂತ ಎರಡು ಮೂರು ವರ್ಷ ಚಿಕ್ಕವರು.

ವೇಗ ಬಂದಿತ್ತು, ಚೆಂಡಿನ ಇಳಿತ ಹೋಗಿತ್ತು. ಜೋರಾಗಿ ಬೀಸಲು ಹೋಗಿ ತೋಳಿನ ಕೋನ ಸ್ವಲ್ಪ ಮೇಲಕ್ಕೆ ಸರಿದಿತ್ತು. ಚೆಂಡು ಈಗ ನೆಟ್ಟಗೆ ಬರುತ್ತಿತ್ತು, ಬ್ಯಾಟರ್‌ಗಳು ಅದನ್ನು ಚೆನ್ನಾಗಿ ಹೊಡೆಯುತ್ತಿದ್ದರು. ಇಲ್ಲಿ ಅವನ ಮುಂದೆ ಎರಡು ದಾರಿ ಇತ್ತು. ಹಳೆಯ ಕೋನಕ್ಕೆ ಮರಳಿ 91ರಲ್ಲೇ ಆಡುವುದು, ಇಲ್ಲವೇ ಹೊಸದನ್ನು ಪಳಗಿಸುವುದು. ಅವನು ವಾರಕ್ಕೊಂದು ಆರಿಸಿಕೊಂಡ. ಎರಡು ಆಟ ಕೆಟ್ಟರೆ ಹಳೆಯದು, ಕೋಚ್ ಏನಾದರೂ ಅಂದರೆ ಹೊಸದು. ಯಾವುದನ್ನೂ ಒಂದು ತಿಂಗಳು ಬಿಡದೆ ಮಾಡಲಿಲ್ಲ. ಪ್ರತಿ ರಾತ್ರಿಯ ಫಲಿತಾಂಶವೇ ಕೊನೆಯ ತೀರ್ಪು ಅನ್ನಿಸುವವನಿಗೆ ಒಂದು ತಿಂಗಳು ಕಾಯುವ ಧೈರ್ಯ ಎಲ್ಲಿಂದ ಬರಬೇಕು? ಅವನ ಕಾಂಟ್ರ್ಯಾಕ್ಟ್ ನಾನು ಓದಿದ್ದೆ. ಏಳು ಸೀಸನ್ ಅವನು ಆ ತಂಡಕ್ಕೆ ಸೇರಿದವನು, ಬಿಟ್ಟು ಬೇರೆ ತಂಡಕ್ಕೆ ಹೋಗುವ ಹಾಗಿಲ್ಲ. ಅವರು ಮಾತ್ರ ಯಾವತ್ತು ಬೇಕಾದರೂ ಬಿಡಬಹುದು.

ಜೂನ್‌ನ ಒಂದು ಬೆಳಿಗ್ಗೆ

ಜೂನ್ ಮೊದಲ ವಾರ ಇರಬೇಕು. ಬೆಳಿಗ್ಗೆ ಹತ್ತೂವರೆ. ಅವನು ಫ್ರಿಜ್ ತೆಗೆದು ಹಾಲಿನ ಕ್ಯಾನು ಎತ್ತಿದ. ಒಂದು ಗ್ಯಾಲನ್‌ನದು, ತುಂಬಿದ್ದರೆ ನಾಲ್ಕು ಕಿಲೋ ಹತ್ತಿರ ತೂಗುತ್ತದೆ. ಎಡಗೈಯಲ್ಲಿ ಎತ್ತಿದ. ಎಡಗೈಯಲ್ಲೇ ಬಟ್ಟಲಿಗೆ ಸುರಿದ, ಸ್ವಲ್ಪ ಕಟ್ಟೆಯ ಮೇಲೆ ಚೆಲ್ಲಿತು. ಬಲಗೈ ಹೊಟ್ಟೆಗೆ ಒತ್ತಿಕೊಂಡಿತ್ತು. ಚಮಚವನ್ನೂ ಎಡಗೈಯಲ್ಲೇ ಹಿಡಿದ.

"ಏನಾಯ್ತು ಕೈಗೆ?" ಅಂದೆ.

"ಏನಿಲ್ಲ ಮ್ಯಾಮ್. ರಾತ್ರಿ ಜಾಸ್ತಿ ಎಸೆದೆ."

ನಾನು ಎದುರಿಗೆ ಕೂತೆ. ಅವನ ಕಿರುಬೆರಳು ಮತ್ತು ಪಕ್ಕದ ಬೆರಳು ಸ್ವಲ್ಪ ಮಡಚಿಕೊಂಡಿದ್ದವು. ಅವುಗಳನ್ನು ಮೇಜಿನ ಅಂಚಿಗೆ ಒತ್ತಿ ನೆಟ್ಟಗೆ ಮಾಡುತ್ತಿದ್ದ. ಬಿಟ್ಟರೆ ಮತ್ತೆ ಮಡಚುತ್ತಿದ್ದವು. ಹತ್ತು ದಿನದಿಂದ ಜುಮ್ಮೆನ್ನುತ್ತಿದೆ, ಮೊಣಕೈ ಒಳಗೆ ಚುಚ್ಚುತ್ತದೆ ಅಂತ ಕೊನೆಗೆ ಹೇಳಿದ. ಆಟಗಾರರ ಗಾಯ ನೋಡಿಕೊಳ್ಳುವ ಟ್ರೇನರ್‌ಗೆ ಹೇಳಿದೆಯಾ ಅಂದೆ. ತಲೆ ಅಲ್ಲಾಡಿಸಿದ.

"ಹೇಳಿದರೆ ಪಟ್ಟಿಯಿಂದ ತೆಗೀತಾರೆ. ಎರಡನೇ ವರ್ಷ ಇಲ್ಲೇ ಇದ್ದೀನಿ. ನನಗೆ ಕೊಟ್ಟಿದ್ದು ಐದು ಸಾವಿರ. ದಯವಿಟ್ಟು ಯಾರಿಗೂ ಹೇಳಬೇಡಿ."

ಹೇಳಲ್ಲ ಅಂತ ಮಾತು ಕೊಟ್ಟೆ.

ಈ ಪ್ರಕರಣದ ನಡುಬಿಂದು ಇದೇ, ಅದರಲ್ಲಿ ನನ್ನ ಪಾಲೂ ಇದೆ. ಕೆಲಸದಲ್ಲಿ ಆದ ಗಾಯವನ್ನು ಅವತ್ತೇ ಹೇಳಿ ದಾಖಲೆ ಮಾಡಿಸಬೇಕು ಅಂತ ನನ್ನ ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ಏಣಿಯಿಂದ ಬಿದ್ದ ಪೇಂಟರ್‌ಗೆ ಹೇಳಿದ್ದೇನೆ, ಕೈ ಸುಟ್ಟುಕೊಂಡ ಹೋಟೆಲ್ ಹುಡುಗಿಗೆ ಹೇಳಿದ್ದೇನೆ. ಆಟದಲ್ಲಾದ ಗಾಯದ ಖರ್ಚು ತಂಡದ್ದೇ ಅಂತಲೂ ಗೊತ್ತಿತ್ತು. ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತ ಹುಡುಗನಿಗೆ ಮಾತ್ರ ಹೇಳಲಿಲ್ಲ. ಅವನ ಮುಖ ನೋಡಿ ಆಗಲಿಲ್ಲ. ಪ್ರೀತಿಯಿಂದ ಸುಮ್ಮನಿದ್ದೆ ಅಂತ ಆಗ ಅಂದುಕೊಂಡಿದ್ದೆ.

ಆರು ವಾರ ಹೀಗೇ ನಡೆಯಿತು. ಆಟಕ್ಕೆ ಮುಂಚೆ ನೋವಿನ ಮಾತ್ರೆ, ಮನೆಗೆ ಬಂದ ಮೇಲೆ ಐಸ್. ನಮ್ಮ ಫ್ರೀಜರಿನಲ್ಲಿದ್ದ ಬಟಾಣಿ ಪೊಟ್ಟಣವನ್ನು ಮೊಣಕೈಗೆ ಟವೆಲ್ಲಿನಿಂದ ಕಟ್ಟಿಕೊಂಡು ಬೇಸ್‌ಮೆಂಟಿನಲ್ಲಿ ಕೂರುತ್ತಿದ್ದ. ವೇಗ 95ರಿಂದ 92ಕ್ಕೆ ಬಂತು, ಆಮೇಲೆ 88ಕ್ಕೆ. ನೋವನ್ನು ಬಾಯಲ್ಲಿ ಮುಚ್ಚಿಡಬಹುದು, ರೇಡಾರ್ ಗನ್ನಿನಿಂದ ಮುಚ್ಚಿಡಲು ಆಗುವುದಿಲ್ಲ. ಜುಲೈ ಮಧ್ಯದಲ್ಲಿ ಕೋಚ್ ಅವರೇ ಕೇಳಿದರು. ಎಂಆರ್‌ಐನಲ್ಲಿ ಲಿಗಮೆಂಟ್ ಭಾಗಶಃ ಹರಿದಿತ್ತು.

ಗಾಯಾಳು ಪಟ್ಟಿಗೆ ಹಾಕಿ ಅರಿಜೋನಾಗೆ ಕಳಿಸಿದರು. ಚಿಕಿತ್ಸೆಯ ಖರ್ಚು ತಂಡವೇ ನೋಡಿಕೊಂಡಿತು, ಸೀಸನ್ ಮುಗಿಯುವವರೆಗೆ ಸಂಬಳವೂ ಬಂತು. ಆಪರೇಷನ್ ಬೇಡ, ಅವನದೇ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಇಂಜೆಕ್ಷನ್ ಕೊಟ್ಟು ವಿಶ್ರಾಂತಿಯಲ್ಲಿ ನೋಡೋಣ ಅಂದರು. ಅಂದರೆ, ಜೂನ್‌ನಲ್ಲಿ ಬಾಯಿ ಬಿಟ್ಟಿದ್ದರೂ ಅವರು ಓಡಿಸುತ್ತಿರಲಿಲ್ಲ. 'ನನಗಾಗಿ ಕಾಯಲ್ಲ' ಅನ್ನುವ ಅವನ ಪಾಠ ಅರ್ಧ ಸರಿಯಿತ್ತು. ಮೇಲೆ ಹತ್ತಿಸಲು ಕಾಯುತ್ತಿರಲಿಲ್ಲ. ಗಾಯ ಮಾಯಲು ಅಷ್ಟೋ ಇಷ್ಟೋ ಕಾಯುತ್ತಿದ್ದರು. ಆ ಎರಡನ್ನೂ ಅವನು ಒಂದೇ ಅಂದುಕೊಂಡ.

ಮೇಜಿನ ಮೇಲಿನ ಹಾಳೆ

ಅಕ್ಟೋಬರ್‌ನಲ್ಲಿ ಉಳಿದ ಸಾಮಾನು ತಗೊಂಡು ಹೋಗಲು ನಮ್ಮ ಮನೆಗೆ ಬಂದ. ಕ್ರೆಡಿಟ್ ಕಾರ್ಡಿನ ಸಾಲ 7,400 ಡಾಲರ್ ಆಗಿತ್ತು. ಮೂರು ಸೀಸನ್‌ಗೆ ಬೋನಸ್ಸೂ ಸೇರಿ ಅವನು ಗಳಿಸಿದ್ದು 21,000ಕ್ಕಿಂತ ಕಡಿಮೆ. ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟೆ. ಅವನು ಬಹಳ ಹೊತ್ತು ನೋಡಿದ.

ಅವತ್ತು ನಾನು ಆಟ ಬಿಡು ಅನ್ನಲಿಲ್ಲ. ಅದನ್ನು ಹೇಳುವ ಹಕ್ಕು ನನಗಿಲ್ಲ. "ಯಾವಾಗ ಬಿಡಬೇಕು ಅಂತ ನೀನೇ ಈಗ ಬರೆದಿಡು. ಮನಸ್ಸು ಸಮಾಧಾನವಾಗಿದೆ, ಈಗಲೇ ಬರಿ" ಅಂದೆ. ಅದೇ ಹಾಳೆಯ ಹಿಂದೆ ಬರೆದ. 2020ರ ಮೇ ಕೊನೆಯೊಳಗೆ ನೋವಿಲ್ಲದೆ 92 ಎಸೆಯದಿದ್ದರೆ ನಿಲ್ಲಿಸುತ್ತೇನೆ. ನೋವು ಬಂದರೆ ಅವತ್ತೇ ಟ್ರೇನರ್‌ಗೆ ಹೇಳುತ್ತೇನೆ. ಸಾಲ 10,000 ದಾಟಿದರೆ ನಿಲ್ಲಿಸುತ್ತೇನೆ. ಏನಾದರೂ ದೊಡ್ಡ ಅಡ್ಡಿ ಬಂದರೆ ಒಂದೇ ಒಂದು ಸಲ ಗಡುವು ಮುಂದೂಡಬಹುದು. ಕೆಳಗೆ ಸಹಿ ಹಾಕಿದ. ಎಡಗೈ ಬಲಗೈ ಎರಡರಲ್ಲೂ ಹಾಕಿ ನೋಡಿ, ಬಲಗೈಯದ್ದನ್ನು ಉಳಿಸಿ ಇನ್ನೊಂದನ್ನು ಹೊಡೆದುಹಾಕಿದ. ಆ ಹಾಳೆಯ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ.

ಅಡ್ಡಿ ಬಂದೇ ಬಂತು. 2020ರ ಮಾರ್ಚ್ ಮಧ್ಯದಲ್ಲಿ ಕೊರೋನಾ ಕಾರಣಕ್ಕೆ ಶಿಬಿರಗಳು ಮುಚ್ಚಿದವು. ಅಷ್ಟರಲ್ಲಿ ಅವನು ಮೂರು ಸಲ ಎಸೆದಿದ್ದ. ಗನ್ನಿನಲ್ಲಿ 90 ಬಂದಿತ್ತು, ನೋವಿರಲಿಲ್ಲ. ಮನೆಗೆ ಕಳಿಸಿ ಮೇ ಕೊನೆಯವರೆಗೆ ವಾರಕ್ಕೆ 400 ಡಾಲರ್ ಕೊಟ್ಟರು. ವಾರಕ್ಕೆ ಆರು ದಿನ ಆಡಿದಾಗ ಬರುತ್ತಿದ್ದದ್ದಕ್ಕಿಂತ ಜಾಸ್ತಿ ದುಡ್ಡು ಅವನು ಅಪ್ಪನ ಗ್ಯಾರೇಜಿನಲ್ಲಿ ಕೂತಾಗ ಬಂತು. ಆ ಪೇ ಸ್ಲಿಪ್ ನೋಡಿದಾಗ ನನಗೆ ಅಳು ಬಂತು.

ಮೇ ಕೊನೆಯಲ್ಲಿ ತಂಡಗಳು ನೂರಾರು ಆಟಗಾರರನ್ನು ಒಟ್ಟಿಗೆ ಬಿಟ್ಟವು. ಇವನಿಗೂ ಫೋನ್ ಬಂತು. ಮೂರು ನಿಮಿಷ ಹದಿನೇಳು ಸೆಕೆಂಡ್ ಮಾತಾಡಿದರು ಅಂತ ಫೋನಿನಲ್ಲಿದ್ದ ದಾಖಲೆ ನೋಡಿ ಹೇಳಿದ. ಜೂನ್ 30ಕ್ಕೆ ಇಡೀ ಮೈನರ್ ಲೀಗ್ ಸೀಸನ್ನೇ ರದ್ದಾಯಿತು. ಮುಂದಿನ ವರ್ಷಕ್ಕೆ ಮೇಜರ್ ಲೀಗ್ ತಂಡಗಳ ಕೆಳಗಿದ್ದ ಮೈನರ್ ಲೀಗ್ ತಂಡಗಳು 160ರಿಂದ 120ಕ್ಕೆ ಇಳಿದವು. ಅಯೋವಾದಲ್ಲೇ ಬರ್ಲಿಂಗ್ಟನ್, ಕ್ಲಿಂಟನ್ ಎರಡೂ ಊರು ಪಟ್ಟಿಯಿಂದ ಹೋದವು. ಡ್ರಾಫ್ಟ್ 20 ಸುತ್ತಿಗೆ ಬಂತು. ಹುಡುಗನನ್ನು ಆರಿಸಿದ್ದ ಸುತ್ತು ಈಗ ಇಲ್ಲವೇ ಇಲ್ಲ.

ಮುಂದೂಡುವ ಅವಕಾಶವನ್ನು ಅವನು ಬಳಸಿಕೊಂಡ. ಒಬ್ಬ ಕಟ್ಟಡ ಗುತ್ತಿಗೆದಾರರ ಹತ್ತಿರ ಕೆಲಸಕ್ಕೆ ಸೇರಿ, ಸಂಜೆ ಹೊತ್ತು ಎಸೆಯುತ್ತಿದ್ದ. 2021ರ ಮೇನಲ್ಲಿ ಒಂದು ಸ್ವತಂತ್ರ ಲೀಗ್‌ನ, ಅಂದರೆ ಮೇಜರ್ ಲೀಗ್ ಏಣಿಯ ಹೊರಗಿನ ಲೀಗ್‌ನ, ಆಯ್ಕೆಗೆ ಹೋದ. ಹನ್ನೆರಡು ಎಸೆತ ಎಸೆದ. ಎಲ್ಲದಕ್ಕಿಂತ ವೇಗದ್ದು 89. ಅಲ್ಲಿಯ ಮ್ಯಾನೇಜರ್, ಜಾಗ ಇದೆ, ಬಾ ನೋಡೋಣ ಅಂದರು. ಹುಡುಗ ಕಾರಿನಲ್ಲಿ ಕೂತು ನನಗೆ ಫೋನ್ ಮಾಡಿ ಆ ಹಾಳೆಯ ಫೋಟೋ ಕಳಿಸಿ ಅಂದ. ಕಳಿಸಿದೆ. ಹತ್ತು ನಿಮಿಷ ಬಿಟ್ಟು ಮೆಸೇಜ್ ಬಂತು. 'ಮನೆಗೆ ಹೋಗ್ತಿದ್ದೀನಿ.'

ಇದರಿಂದ ಕಲಿತದ್ದು

ಜೂನ್‌ನಲ್ಲೇ ನೋವು ಹೇಳಿದ್ದರೆ ಅವನು ಮೇಜರ್ ಲೀಗ್ ತಲುಪುತ್ತಿದ್ದನೇ? ಹಾಗೆ ನಾನು ಹೇಳುವುದಿಲ್ಲ. 91ರ ವೇಗದ ರಿಲೀವರ್‌ಗೆ ಆ ದಾರಿ ತುಂಬಾ ಸಣ್ಣದು. ಆದರೆ ಆ ಆರು ವಾರ ಅವನು ಮೊಣಕೈ ಸವೆಸಿ ಕೊಂಡದ್ದು ಏನನ್ನೂ ಅಲ್ಲ. ತನ್ನ ಅಂಕಿಗಳನ್ನು ತಾನೇ ಕೆಡಿಸಿಕೊಂಡ. ಗಾಯವಿಲ್ಲದ, ಇಳಿಯುವ ಚೆಂಡಿನ 91 ಅವನ ಹತ್ತಿರ ಇದ್ದ ಒಂದೇ ಆಸ್ತಿ. ಅದನ್ನು ಹೈ ಎ ಮಟ್ಟದಲ್ಲಿ ಒಂದು ಸಲವಾದರೂ ಪರೀಕ್ಷೆಗೆ ಒಡ್ಡಬೇಕಿತ್ತು.

ಮಕ್ಕಳನ್ನು ಈ ದಾರಿಗೆ ಕಳಿಸುವವರಿಗೆ ನಾನು ಮೊದಲು ಹೇಳುವುದು, ತಂಡ ನಿಮ್ಮ ಮಗುವಿನ ಮೇಲೆ ಎಷ್ಟು ದುಡ್ಡು ಹಾಕುತ್ತಿದೆ ಅಂತ ನೋಡಿ. ಅದು ಬ್ಯಾಂಕಿನಲ್ಲಿಡುವ ಮೊತ್ತ ಮಾತ್ರ ಅಲ್ಲ, ಎಷ್ಟು ದಿನ ಕಾಯುತ್ತಾರೆ ಅನ್ನುವುದರ ಲೆಕ್ಕ. ಕಡಿಮೆ ಸಿಕ್ಕರೆ ಹೋಗಲೇಬಾರದು ಅಂತಲ್ಲ. ಹೋಗುವಾಗ ಗೊತ್ತಿದ್ದು ಹೋಗಬೇಕು. ಇನ್ನು ಆ ಹಾಳೆ. ಈ ಪ್ರಕರಣದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅದೊಂದೇ, ಅದೂ ಎರಡು ವರ್ಷ ತಡವಾಗಿ. ಬೋನಸ್ ಕಾಗದಕ್ಕೆ ಸಹಿ ಹಾಕಿದ ದಿನವೇ ಅದನ್ನೂ ಬರೆದಿದ್ದರೆ, 'ನೋವು ಬಂದರೆ ಅವತ್ತೇ' ಅನ್ನುವ ಸಾಲು ಆ ಜೂನ್‌ಗಿಂತ ಮುಂಚೆಯೇ ಅವನ ಹತ್ತಿರ ಇರುತ್ತಿತ್ತು.

ಆಮೇಲೆ ತುಂಬಾ ಬದಲಾಯಿತು. 2022ರಿಂದ ತಂಡಗಳೇ ವಸತಿ ಕೊಡುತ್ತಿವೆ. ಅದೇ ವರ್ಷ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘಕ್ಕೆ ಸೇರಿದರು. 2023ರ ಒಪ್ಪಂದದಲ್ಲಿ ಲೋ ಎ (ಹಳೆಯ ಕ್ಲಾಸ್ ಎ) ಮಟ್ಟದ ಕನಿಷ್ಠ ಸಂಬಳ ವರ್ಷಕ್ಕೆ 26,200 ಡಾಲರ್ ಆಯಿತು. ಹಳೆಯ ಕೂಲಿಗಾಗಿ 2014ರಲ್ಲಿ ಆಟಗಾರರು ಹಾಕಿದ್ದ ಮೊಕದ್ದಮೆ 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅರಿಜೋನಾದ ಶಿಬಿರಗಳಲ್ಲಿ ಸಂಬಳವಿಲ್ಲದೆ ಬೆವರು ಸುರಿಸಿದ್ದ ನಮ್ಮ ಹುಡುಗನ ಪಾಲಿಗೂ ಒಂದು ಚೆಕ್ ಬಂತು.

ಅದನ್ನು ರಿಟರ್ನ್‌ನಲ್ಲಿ ಎಲ್ಲಿ ತೋರಿಸಬೇಕು ಅಂತ ಕೇಳಲು ಫೋನ್ ಮಾಡಿದ. ಈಗ ಅವನು ಅದೇ ಗುತ್ತಿಗೆದಾರರಲ್ಲಿ ಕಟ್ಟಡಗಳ ಅಂದಾಜು ವೆಚ್ಚ ಹಾಕುತ್ತಾನೆ. ಸಾಲ ತೀರಿದೆ. ಕಾಗದ ನೋಡಿ ಹೇಳಬೇಕಾದ್ದು ಹೇಳಿದೆ. ಆಮೇಲೆ ನಾಲ್ಕು ವರ್ಷದಿಂದ ಕೇಳಬೇಕು ಅಂದುಕೊಂಡಿದ್ದನ್ನು ಕೇಳಿದೆ.

"ಅವತ್ತು ನಾನು ಮಾತು ಮುರಿದು ಟ್ರೇನರ್‌ಗೆ ಹೇಳಿಬಿಟ್ಟಿದ್ದರೆ ಏನು ಮಾಡ್ತಿದ್ದೆ?"

"ಬ್ಯಾಗ್ ತಗೊಂಡು ಹೊರಟುಬಿಡ್ತಿದ್ದೆ, ಮ್ಯಾಮ್. ಒಂದು ವರ್ಷ ನಿಮ್ಮ ಹತ್ತಿರ ಮಾತಾಡ್ತಿರಲಿಲ್ಲ."

"ಆಮೇಲೆ?"

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಹಿಂದೆ ಎಲ್ಲೋ ಗರಗಸದ ಸದ್ದು ಬರುತ್ತಿತ್ತು.

"ಆಮೇಲೆ ಫೋನ್ ಮಾಡ್ತಿದ್ದೆ" ಅಂದ.